ಎರಡನೆಯ ಹೊಂಡ ದಾಟದ ಮೆರವಣಿಗೆ

ಸಂಗೀತದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಲೋಕದಲ್ಲಿ ಈವರೆಗೆ ಹುಟ್ಟಿದ ಸಂಗೀತದಲ್ಲೆಲ್ಲ ಶ್ರೇಷ್ಠವಾದದ್ದು ಹಳೆಯ ವಿಡಿಯೋ ಗೇಮಿನ ಸಂಗೀತ. ಅದರಲ್ಲೂ ಟೊಪ್ಪಿಗೆ ಗೇಮಿನದು. ಟೊಪ್ಪಿಗೆ ಹಾಕಿಕೊಂಡ ಒಬ್ಬ ಕುಳ್ಳ ಮನುಷ್ಯ ಟಿ.ವಿ.ಯ ಎಡಗಡೆಯಿಂದ ಬಲಗಡೆಗೆ ಹೊಂಡ ಹಾರುತ್ತ ಓಡುವ ಆಟ ಅದು. ಅದಕ್ಕೆ ಬೇರೆ ಏನೋ ಹೆಸರಿದ್ದಿರಬೇಕು. ನಮ್ಮ ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಿದ್ದರಿಂದ ನಾನು, ನನ್ನ ಅಕ್ಕ ಸುಜಾತಾ, ಇಬ್ಬರೂ ಅದನ್ನು ಟೊಪ್ಪಿಗಿ ಗೇಮ್ ಎಂದೇ ಕರೆದು ದೊಡ್ಡವರಾದೆವು.

ಬೀದರಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಎಕಂಬಾದಿಂದ ಸೋಯಾ ಬೀಜಕ್ಕೆ ಬಂದ ರೈತರಿಗೆ ಬೀಜದ ಜೊತೆ ಈ ಅಭಿಪ್ರಾಯವನ್ನೂ ಉಚಿತವಾಗಿ ಕೊಡುತ್ತೇನೆ. ಟ್ಯಾಂಕ್ ಗೇಮಿನ ಸಂಗೀತ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ಅದನ್ನು ಸಂಗೀತ ಎನ್ನಲಾಗದು, ಬಸ್ಸಿನ ಹಾರ್ನ್ ಎನ್ನಬಹುದು. ಇಟ್ಟಿಗೆ ಜೋಡಿಸುವ ಆಟದ್ದು ಪರವಾಗಿಲ್ಲ, ಆದರೆ ಕೇಳುತ್ತ ಕೂತರೆ ಮನೆಯಲ್ಲಿ ಬಾಕಿ ಉಳಿದ ಕೆಲಸಗಳೆಲ್ಲ ನೆನಪಾಗುತ್ತವೆ. ಕಾರ್ ರೇಸಿನದಂತೂ ಬರೀ ನೊಣದ ಗುಂಯ್ ಗುಂಯ್! ಟೊಪ್ಪಿಗೆ ಗೇಮಿನದು ಮಾತ್ರ ಕಾಲಿಗೆ ತಾನಾಗಿಯೇ ಓಡುವ ಹುಕಿ ಬರಿಸುತ್ತದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ರೈತರು ಚೀಲ ಹೆಗಲಿಗೇರಿಸಿರುತ್ತಾರೆ.

"ಖರೇ ಅದರಿ ಸಾವ್ಕಾರ್ರ. ಈ ಬೀಜ ಮೊಳಿತಾವೋ ಇಲ್ಲೋ, ಅದೊಂದ್ ಹೇಳ್ರಿ."

ಹೀಗೆ ಅಭಿಪ್ರಾಯ ದಾನ ಮಾಡಿಕೊಂಡು ನೆಮ್ಮದಿಯಿಂದ ಇದ್ದವನಿಗೆ ಭಾಲ್ಕಿಯಿಂದ ಅಕ್ಕನ ಫೋನು ಬಂತು. ಅವಳ ಮಗಳು ಪ್ರಜ್ಞಾಳ ಮದುವೆ ನಿಶ್ಚಯವಾಗಿತ್ತು. ಹುಡುಗನ ಕಡೆಯವರು ಔರಾದದವರು. ಹುಡುಗನ ಅಪ್ಪ ನಿವೃತ್ತ ಹೆಡ್ ಮಾಸ್ತರರು.

"ಏ ಸುಧ್ಯಾ, ಮೆರವಣಿಗಿ ಬ್ಯಾಂಡ್ ನಿನಗ ಬಿಟ್ಟೀನಿ," ಎಂದಳು ಅಕ್ಕ. "ನಿಮ್ಮ ಭಾವ ಬ್ಯಾಡೇ ಬ್ಯಾಡ ಅಂದ್ರು. ಪೇಡಾದ್ದು ಇನ್ನಾ ಮರ್ತಿಲ್ಲ ಅವ್ರು. ನಾ ಅಂದೆ, ಇಲ್ಲ, ನನ್ನ ತಮ್ಮ ಇದೊಂದರ ನೆಟ್ಟಗ ಮಾಡ್ತಾನ ಅಂತ. ಬೀಗರು ಭಾಳ ಟೈಮಿನ ಮಂದಿ. ಹೇಳಿದ್ ಟೈಮಿಗಿ ಹುಡುಗ ಬಾಗಲದಾಗ ನಿಂತಿರ್ಬೇಕು. ಅವ್ರ ಮುಂದ ನನ್ನ ತಲಿ ತಗ್ಗಸಬ್ಯಾಡ."

ಪೇಡೆಯ ವಿಷಯವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ನಿಶ್ಚಯ ಕಾರ್ಯ ಔರಾದದಲ್ಲಿ ನಡೆಯುತ್ತಿದ್ದಾಗ ನಾನು ಪೇಡೆಯ ಬುಟ್ಟಿ ಹಿಡಿದುಕೊಂಡು ಭಾಲ್ಕಿಯಲ್ಲಿ, ಬೀಗ ಹಾಕಿದ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅಷ್ಟೇ.

ಆದರೆ ಅಕ್ಕ ಇಷ್ಟಾದ ಮೇಲೂ ನನ್ನ ಪರ ನಿಂತಳಲ್ಲ, ಅದು ನನ್ನ ಎದೆಗೆ ತಟ್ಟಿತು. ಈ ಸಲ ಮಾಡಿ ತೋರಿಸಲೇಬೇಕೆಂದು ಅಲ್ಲೇ ತೀರ್ಮಾನ ಮಾಡಿದೆ. ಎಲ್ಲರ ಮದುವೆಯಲ್ಲೂ ಬಾರಿಸುವ ಅದೇ ಹಾಡು ಬೇಡ. ನನ್ನ ಸೋದರಸೊಸೆಯ ಮದುವೆಗೆ ಲೋಕದ ಶ್ರೇಷ್ಠ ಸಂಗೀತವೇ ಆಗಬೇಕು!

ಚಿದ್ರಿಯ ನಮ್ಮ ಮನೆಯಲ್ಲಿ ಹೆಂಡತಿ ಮಂಗಲಾಳಿಗೆ ಈ ಶುಭ ಸಮಾಚಾರ ಹೇಳಿದೆ. ಅವಳು ತೊಗರಿಬೇಳೆ ಆರಿಸುವುದನ್ನು ನಿಲ್ಲಿಸಿದಳು.

"ಮದುಮಗ ಕುದುರಿ ಮ್ಯಾಲ ಕುಂತು ವಿಡಿಯೋ ಗೇಮಿನ ಹಾಡಿಗಿ ಬರ್ತಾನ?"

"ಹೌದು."

"ಅಕ್ಕೋರಿಗಿ ಕೇಳೀರೇನು?"

"ಕೇಳಿದ್ರ ಅಚ್ಚರಿ ಎಲ್ಲಿ ಉಳೀತದ?"

"ನಿಮ್ಮ ಅಚ್ಚರಿ ಅಂದ್ರ ನನಗ ಅಂಜಿಕಿ ಬರ್ತದರಿ," ಎಂದು ಮತ್ತೆ ಬೇಳೆ ಆರಿಸತೊಡಗಿದಳು.

ಮರುದಿನ ಹಳೇ ಬೀದರಿಗೆ ಹೋಗಿ ಬ್ಯಾಂಡಿನ ಖಾಜಾ ಮಾಸ್ತರರನ್ನು ಕಂಡೆ. ಮಾಸ್ತರರು ಸುರ್ಮಾ ಹಚ್ಚಿಕೊಂಡು, ಕೆಂಪು ಕೋಟಿನ ಗುಂಡಿಗಳನ್ನು ತಾವೇ ತಿಕ್ಕಿ ಹೊಳಪಿಸುತ್ತ ಕೂತಿದ್ದರು. ತಮ್ಮ ಬ್ಯಾಂಡಿನ ಬಗ್ಗೆ ಅವರಿಗಿದ್ದ ಅಭಿಮಾನ, ನನ್ನ ಅಭಿಪ್ರಾಯಗಳ ಬಗ್ಗೆ ನನಗಿದ್ದ ಅಭಿಮಾನಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯದಲ್ಲ.

"ಫಿಕರ್ ನಕ್ಕೋ ಕರೋ ಸೇಠ್, ಚಿಂತಿ ಬ್ಯಾಡ," ಎಂದರು. "ಒಂದ್ ಸಲ ನಮ್ಮ ಕಿವ್ಯಾಗ ಬಿತ್ತಂದ್ರ ಮುಗೀತು. ಹಂಗಿಂದ ಹಂಗೇ ಬಾರಸ್ತೇವಿ. ನಮ್ಮ ಅಬ್ಬಾನೂ ಹಂಗೇ ಇದ್ರು. ಹಾಡು ತಂದು ಕೊಡ್ರಿ, ಬಸ್."

ಇಲ್ಲಿ ಬುದ್ಧಿ ಇದ್ದವನು ಫೋನಿನಲ್ಲಿ ಆ ಹಾಡನ್ನು ಹುಡುಕಿ ಕೊಟ್ಟು ಮನೆಗೆ ಬರುತ್ತಿದ್ದ. ನನಗೆ ಬುದ್ಧಿಯ ಜೊತೆ ಅಭಿಪ್ರಾಯವೂ ಇತ್ತು. ಫೋನಿನಲ್ಲಿ ಸಿಗುವ ಟೊಪ್ಪಿಗೆ ಗೇಮಿನ ಸಂಗೀತ ಶುದ್ಧವಲ್ಲ. ನಮ್ಮ ಮನೆಯ ಹಳೆಯ ಗೇಮ್ ಸೆಟ್ಟಿನಲ್ಲಿ ಅದು ತುಸು ಗೊಗ್ಗರಾಗಿ, ತುಸು ಅವಸರದಲ್ಲಿ ಬರುತ್ತಿತ್ತು. ಅದೇ ಅಸಲಿ. ಹಾಗಾಗಿ ಅಟ್ಟ ಹತ್ತಿ, ಹಳೆಯ ಸೆಟ್ಟನ್ನು ಕೆಳಗಿಳಿಸಿದೆ. ಜೊತೆಗೆ ಒಂದು ಹಲ್ಲಿಯೂ ಇಳಿಯಿತು.

ಸೆಟ್ಟಿನ ಪಿನ್ನು ಈಗಿನ ಗೋಡೆ ಟಿ.ವಿ.ಗೆ ಹೊಂದಲಿಲ್ಲ. ಪಕ್ಕದ ಮನೆಯ ಶಾಂತಾಬಾಯಿಯವರ ಹತ್ತಿರ ಡಬ್ಬಿ ಟಿ.ವಿ. ಇತ್ತು. ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ ಇಟ್ಟುಕೊಂಡಿದ್ದರು.

"ಟಿ.ವಿ. ಒಯ್ಯಾಕ ನನ್ನದೇನ್ ತಕರಾರಿಲ್ರಿ," ಎಂದರು ಶಾಂತಾಬಾಯಿ. "ಹಿಟ್ಟಿನ ಡಬ್ಬಿ ಎಲ್ಲಿ ಇಡ್ಲಿ, ಅದ್ ಹೇಳ್ರಿ."

ಹಿಟ್ಟಿನ ಡಬ್ಬಿಗೆ ನಮ್ಮ ಮನೆಯ ಕುರ್ಚಿ ಕೊಟ್ಟು ಟಿ.ವಿ. ತಂದೆವು. ಹಚ್ಚಿದರೆ ಬರೀ ಚುಕ್ಕಿ. ಕ್ಯಾಸೆಟ್ ಹೊರತೆಗೆದು ಊದಿದೆ. ಈ ಸೆಟ್ಟುಗಳಿಗೆ ಅದೇ ರಿಪೇರಿ. ಬೇರೆ ರಿಪೇರಿ ಯಾರಿಗೂ ಗೊತ್ತಿರಲಿಲ್ಲ. ಊದಿ ಹಾಕಿದೆ, ಹಾಕಿ ತೆಗೆದೆ, ತೆಗೆದು ಊದಿದೆ. ಒಳಗಿದ್ದ ಧೂಳೆಲ್ಲ ನನ್ನ ಮೂಗಿಗೆ ಬಂತು. ಸೀನಿದೆ. ಆ ಸೀನಿಗೆ ಕ್ಯಾಸೆಟ್ ಒಪ್ಪಿತು! ಪರದೆಯ ಮೇಲೆ ಟೊಪ್ಪಿಗೆಯವನು ನಿಂತಿದ್ದ. ನನಗೆ ಕಣ್ಣು ತುಂಬಿ ಬಂತು, ಧೂಳಿಗೆ ಅಷ್ಟೇ ಅಲ್ಲ.

ಫೋನನ್ನು ಟಿ.ವಿ.ಯ ಬಾಯಿಗೆ ಒರಗಿಸಿಟ್ಟು ರೆಕಾರ್ಡ್ ಮಾಡುತ್ತ ಆಡತೊಡಗಿದೆ. ಟೊಪ್ಪಿಗೆಯವನು ಓಡಿದ, ಮೊದಲ ಹೊಂಡ ಹಾರಿದ, ಎರಡನೆಯ ಹೊಂಡದಲ್ಲಿ ಬಿದ್ದ. ಬೀಳುವಾಗ ಒಂದು ಸುಂದರವಾದ ಇಳಿಕೆಯ ಧ್ವನಿ ಬರುತ್ತದೆ: ಟುಡುಂ-ಟುಡುಂ-ಟುಂಯ್. ಮತ್ತೆ ಮೊದಲಿನಿಂದ ಓಡಿದ. ಮತ್ತೆ ಎರಡನೆಯ ಹೊಂಡ. ನಾನು ಚಿಕ್ಕವನಿದ್ದಾಗಿನಿಂದ ಕೇಳಿದ ಪ್ರತಿ ಸಲವೂ ಆ ಸಂಗೀತ ಹಾಗೆಯೇ ಮುಗಿದಿದೆ. ಬೇರೆ ರೀತಿಯಲ್ಲೂ ಮುಗಿಯಬಹುದೆಂಬ ವಿಚಾರ ನನ್ನ ತಲೆಗೆ ಬರಲೇ ಇಲ್ಲ!

ಚಿಕ್ಕಂದಿನಲ್ಲಿ ಆಡುವಾಗಲೂ ಇದೇ ಪದ್ಧತಿ. ಒಂದು ಔಟ್ ಆದರೆ ಪಾಳಿ ಅಕ್ಕನಿಗೆ. ಟುಂಯ್ ಎನ್ನುವುದೇ ತಡ, ಅವಳು ಜಾಯ್‌ಸ್ಟಿಕ್ಕಿಗೆ ಕೈ ಚಾಚುತ್ತಿದ್ದಳು. ಸೋತ ಮೇಲೆ ಅಲ್ಲಿ ಕೂರುವ ಸ್ವಭಾವ ನನ್ನದಲ್ಲ. ನೀರು ಕುಡಿಯುವ ನೆವದಲ್ಲಿ ಎದ್ದು ಅಂಗಳಕ್ಕೆ ಹೋಗಿ, ನನ್ನ ಪಾಳಿ ಬಂತೆಂದು ಅವಳು ಕೂಗುವ ತನಕ ಹುಣಸೆ ಗಿಡಕ್ಕೆ ಕಲ್ಲು ಹೊಡೆಯುತ್ತಿದ್ದೆ. ಕೆಲವು ಸಲ ಬಹಳ ಹೊತ್ತು ಕಲ್ಲು ಹೊಡೆಯಬೇಕಾಗುತ್ತಿತ್ತು. ಅವಳು ನಿಧಾನವಾಗಿ ಆಡುತ್ತಾಳೆ ಎಂದುಕೊಂಡಿದ್ದೆ.

ಖಾಜಾ ಮಾಸ್ತರರು ನನ್ನ ರೆಕಾರ್ಡನ್ನು ಕಣ್ಣು ಮುಚ್ಚಿ ಕೇಳಿದರು.

"ಬಾಕಿ ಸಬ್ ಠೀಕ್. ಕೊನಿಗಿ ಒಂದು ಟುಂಯ್ ಅಂತ ಬರ್ತದ. ಅದನ್ನೂ ಬಾರಸಬೇಕೇನ್ರಿ?"

"ಮಾಸ್ತರ್, ಅದೇ ಅದರ ಜೀವ! ಒಂದು ಸುರವನ್ನೂ ಬಿಡಬ್ಯಾಡ್ರಿ. ಕೇಳಿದ್ದನ್ನ ಹಂಗಿಂದ ಹಂಗೇ ಬಾರಸ್ರಿ."

"ಹಂಗಿಂದ ಹಂಗೇ," ಎಂದು ಮಾಸ್ತರರು ಎದೆಯ ಮೇಲೆ ಕೈ ಇಟ್ಟು ಮಾತು ಕೊಟ್ಟರು. ಆ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಉಳಿಸಿಕೊಳ್ಳಲಿದ್ದಾರೆಂದು ಆಗ ನನಗೆ ತಿಳಿಯಲಿಲ್ಲ.

ಮದುವೆಯ ದಿನ ಬೀಗರ ಮಂದಿ ಭಾಲ್ಕಿಯ ಒಂದು ಸಾಲೆಯಲ್ಲಿ ಇಳಿದುಕೊಂಡಿದ್ದರು. ಅಲ್ಲಿಂದ ಮದುವೆಯ ಮಂಟಪ ಕಣ್ಣಿಗೆ ಕಾಣುವಷ್ಟೇ ದೂರ. ನಡುವೆ ನಳದ ಪೈಪಿಗಾಗಿ ರಸ್ತೆಯನ್ನು ಎರಡು ಕಡೆ ಅಗೆದು ಬಿಟ್ಟಿದ್ದರು. ಎರಡರ ಮೇಲೂ ಹಲಗೆ ಹಾಸಿದ್ದೆವು. ಬಿಳಿ ಬಟ್ಟೆ ತೊಟ್ಟ ಮದುಮಗ ಕುದುರೆ ಏರಿದ. ಬೀಗರು, ಅಂದರೆ ಹೆಡ್ ಮಾಸ್ತರರು, "ಜೈ ಭೀಮ್ ಸುಧಾಕರ್," ಎಂದು ನನ್ನ ಕೈ ಕುಲುಕಿ, ಇನ್ನೊಂದು ಕೈಯ ಗಡಿಯಾರ ನೋಡಿದರು.

ನಾನು ಸೇನಾಪತಿಯಂತೆ ಕೈ ಎತ್ತಿದೆ. ಬ್ಯಾಂಡು ಶುರುವಾಯಿತು.

ಏನು ಹೇಳಲಿ! ಕ್ಲಾರಿನೆಟ್ಟು ಓಡಿತು, ಡ್ರಮ್ಮು ಹಾರಿತು. ಮೆರವಣಿಗೆಯಲ್ಲಿದ್ದ ನಲವತ್ತು ದಾಟಿದ ಗಂಡಸರೆಲ್ಲ ಒಮ್ಮೆಗೇ ತಲೆ ಎತ್ತಿದರು. ಠಾಣಾ ಕುಶನೂರದಿಂದ ಬಂದಿದ್ದ ಮದುಮಗನ ಕಾಕಾ, ಒಳ್ಳೆ ಗಟ್ಟಿಮುಟ್ಟಾದ ಆಳು, "ಅರೇ, ನಮ್ಮ ಹಳೀ ವಿಡಿಯೋ ಗೇಮ್!" ಎಂದು ಕೂಗಿ ರಸ್ತೆಯ ನಡುವೆ ಜಿಗಿದರು. ಅವರ ಹಿಂದೆ ಹತ್ತಾರು ಜನ ಜಿಗಿದರು. ಹೊಟ್ಟೆಗಳು ಕುಣಿದವು, ಅಂಗಿಯ ಗುಂಡಿಗಳು ಹಾರಿದವು. ನನ್ನ ಎದೆ ಉಬ್ಬಿತು. ಲೋಕಕ್ಕೆ ಕೊನೆಗೂ ನನ್ನ ಅಭಿಪ್ರಾಯ ತಿಳಿಯಿತು!

ನಡುವೆ ಟ್ರಂಪೆಟ್ಟಿನವನು ಇದ್ದಕ್ಕಿದ್ದಂತೆ ಉದ್ದಕ್ಕೆ ಸುಂಯ್ ಎಂದು ಊದಿದ.

ಪಕ್ಕದಲ್ಲಿದ್ದ ಮಂಗಲಾ ನನ್ನ ತೋಳು ಹಿಡಿದಳು. "ಏನ್ರಿ, ಅದು ನಮ್ಮ ಕುಕ್ಕರ್ ಅಲ್ಲೇನ್ರಿ?"

ಹೌದು. ರೆಕಾರ್ಡ್ ಮಾಡುವಾಗ ಒಳಗೆ ಬೇಳೆ ಕುದಿಯುತ್ತಿತ್ತು. ಖಾಜಾ ಮಾಸ್ತರರು ಒಂದು ಸುರವನ್ನೂ ಬಿಟ್ಟಿರಲಿಲ್ಲ.

ಮೆರವಣಿಗೆ ಮೊದಲ ಹೊಂಡದ ಹಲಗೆ ದಾಟಿತು. ಎರಡನೆಯದರ ಹತ್ತಿರ ಬಂತು. ಕುದುರೆ ಹಲಗೆಯ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಬ್ಯಾಂಡು ಬಾರಿಸಿತು: ಟುಡುಂ-ಟುಡುಂ-ಟುಂಯ್.

"ಔಟ್!" ಎಂದು ಕಾಕಾ ಎರಡೂ ಕೈ ಮೇಲೆತ್ತಿ ಕೂಗಿದರು. "ಔಟ್ ಆಯ್ತು! ನಡೀರಿ ಹಿಂದ! ಮೊದಲಿಂದ!"

ಆಟದ ನಿಯಮ ಹಾಗೆಯೇ ಇದೆ, ನಿಜ. ಔಟ್ ಆದರೆ ಮೊದಲಿನಿಂದ ಶುರು ಮಾಡಬೇಕು. ಆದರೆ ಅದನ್ನು ಮದುವೆಯ ಮೆರವಣಿಗೆಗೆ ಯಾರಾದರೂ ಅನ್ವಯಿಸುತ್ತಾರೆಯೇ? ಅನ್ವಯಿಸಿದರು! ಕಾಕಾನ ಗುಂಪು ಕುದುರೆಯ ಲಗಾಮು ಹಿಡಿದು ತಿರುಗಿಸಿ, ಕುಣಿಯುತ್ತ ಸಾಲೆಯ ಬಾಗಿಲಿಗೆ ವಾಪಸ್ಸು ತಂದಿತು. ಬ್ಯಾಂಡು ಮತ್ತೆ ಶುರುವಾಯಿತು. ಮತ್ತೆ ಕುಕ್ಕರು ಸೀಟಿ ಹೊಡೆಯಿತು. ಮತ್ತೆ ಎರಡನೆಯ ಹೊಂಡದ ಹತ್ತಿರ ಟುಂಯ್! ಈ ಸಲ "ಔಟ್!" ಎಂದು ಮೆರವಣಿಗೆ ಪೂರಾ ಕೂಗಿತು. ಅಕ್ಕಪಕ್ಕದ ಮಾಳಿಗೆಯ ಮೇಲಿದ್ದವರೂ ಕೂಗಿದರು.

"ಕಾಕಾ," ಎಂದು ಮದುಮಗ ಕುದುರೆಯ ಮೇಲಿಂದ ಬೇಡಿಕೊಂಡ, "ಇವತ್ ನನ್ನ ಲಗ್ನ ಅದರಿ!"

"ಇನ್ನಾ ಒಂದು ಜೀವ ಅದ ತಮ್ಮಾ, ಅಂಜಬ್ಯಾಡ!" ಎಂದರು ಕಾಕಾ.

ಆ ಜೀವವೂ ಹೋಯಿತು. ಆಗ ಹೊಸ ಗೇಮ್ ಶುರುವಾಯಿತು.

ಹೆಡ್ ಮಾಸ್ತರರು ನನ್ನ ಹತ್ತಿರ ಬಂದರು. ಅವರ ದನಿ ಬಹಳ ಮೆತ್ತಗಿತ್ತು. ಸಾಲೆ ಕಲಿತವರಿಗೆ ಆ ಮೆತ್ತನೆಯ ದನಿ ಏನೆಂದು ಗೊತ್ತಿರುತ್ತದೆ. "ಸುಧಾಕರ್, ಇದು ಯಾವ ಪದ್ಧತಿರಿ? ನಮ್ಮ ಔರಾದ ಕಡಿ ಮೆರವಣಿಗಿ ಮುಂದಕ್ಕ ಹೋಗ್ತದ."

ನಾನು ಬ್ಯಾಂಡಿನತ್ತ ಓಡಿದೆ. "ಮಾಸ್ತರ್, ನಿಲ್ಲಸ್ರಿ!"

ಖಾಜಾ ಮಾಸ್ತರರು ಕ್ಲಾರಿನೆಟ್ಟನ್ನು ತುಟಿಯ ತುದಿಗೆ ಸರಿಸಿ ನನ್ನನ್ನು ನೋಡಿದರು. "ಅಧೂರಾ ಬಿಡೋದ್ ನಮ್ಮ ಖಾನದಾನ್ದಾಗ ಇಲ್ರಿ ಸೇಠ್. ಪೂರಾ ಮಾಡೇ ನಿಲ್ಲಸ್ತೇವಿ."

"ಪೂರಾ ಆದ್ರ ಔಟ್ ಆಗ್ತದಲ್ರಿ!"

"ಹಂಗಾದ್ರ ಇದರ ಮುಂದಿಂದು ಹೇಳ್ರಿ. ಈಗಿಂದೀಗ ಬಾರಸ್ತೇನಿ. ಎರಡನೇ ಹೊಂಡ ದಾಟಿದ್ ಮ್ಯಾಲ ಏನ್ ಬರ್ತದ?"

ನಾನು ಬಾಯಿ ತೆರೆದೆ. ಎರಡನೆಯ ಹೊಂಡ ದಾಟಿದ ಮೇಲೆ ಏನು ಬರುತ್ತದೆ? ಟೊಪ್ಪಿಗೆ ಗೇಮಿನ ಸಂಗೀತದ ಮಹಾ ಪಂಡಿತ, ಎಕಂಬಾದ ರೈತರಿಗೆ ವರ್ಷಾನುಗಟ್ಟಲೆ ಉಪನ್ಯಾಸ ಕೊಟ್ಟವನು, ಭಾಲ್ಕಿಯ ನಡುರಸ್ತೆಯಲ್ಲಿ ಬಾಯಿ ತೆರೆದುಕೊಂಡು ನಿಂತೆ. ತೆರೆದ ಬಾಯಲ್ಲಿ ಒಂದು ಸುರವೂ ಇರಲಿಲ್ಲ. ಇಷ್ಟು ಕಾಲ ನಾನು ಹೊಗಳಿದ್ದು ಒಂದು ಹಾಡಿನ ಮೊದಲ ತುಂಡನ್ನು ಮಾತ್ರ!

ಅಷ್ಟರಲ್ಲಿ ಮಂಟಪದ ಬಾಗಿಲಿನಿಂದ ಅಕ್ಕ ಬರುವುದು ಕಾಣಿಸಿತು. ಹೂವಿನ ತಟ್ಟೆ ಹಿಡಿದು ಮದುಮಗನಿಗಾಗಿ ಕಾದು ಕಾದು, ತಟ್ಟೆಯನ್ನು ಯಾರ ಕೈಗೋ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದಳು. ಒಳಗೆ ಮದುವೆ ನಡೆಸಿಕೊಡಲು ಬಂದ ಬೌದ್ಧ ಭಿಕ್ಷು ಭಂತೇಜಿ ಕೂತು ಬಹಳ ಹೊತ್ತಾಗಿತ್ತು. ಹೆಡ್ ಮಾಸ್ತರರು ಅವಳ ಕಡೆ ನೋಡಿ ಗಡಿಯಾರ ತೋರಿಸಿದರು. ಅವಳ ಮುಖ ಸಣ್ಣದಾಯಿತು. ನನಗೆ ಪೇಡೆಯ ಬುಟ್ಟಿ ನೆನಪಾಯಿತು. ನೆಲ ಬಾಯಿ ಬಿಡಲಿ ಎಂದುಕೊಂಡೆ. ನೆಲ ಆಗಲೇ ಎರಡು ಕಡೆ ಬಾಯಿ ಬಿಟ್ಟಿತ್ತು, ಒಂದರಲ್ಲಿ ಇಳಿಯಲೇ ಎಂದೂ ಯೋಚಿಸಿದೆ.

ಅವಳು ನನ್ನ ಎದುರಿಗೆ ಬಂದು ನಿಂತಳು. ಬಯ್ಯಲು ಬಾಯಿ ತೆರೆದಳು. ಸರಿಯಾಗಿ ಆಗ ಬ್ಯಾಂಡು ಬಾರಿಸಿತು: ಟುಡುಂ-ಟುಡುಂ-ಟುಂಯ್.

ಅಕ್ಕ ಬಯ್ಯಲಿಲ್ಲ. ಅವಳ ಬಲಗೈ ತಾನಾಗಿಯೇ ಮುಂದೆ ಬಂತು, ಅಂಗೈ ಮೇಲೆ ಮಾಡಿ.

"ಕೊಡು. ನನ್ನ ಪಾಳಿ."

ಅಂದ ಮೇಲೆ ತಾನೇ ಬೆಚ್ಚಿ ತನ್ನ ಕೈಯನ್ನು ನೋಡಿಕೊಂಡಳು. ನಾನೂ ನೋಡಿದೆ. ಕ್ಷಣಕಾಲ ಅಲ್ಲಿ ಮದುವೆ ಇರಲಿಲ್ಲ, ಬೀಗರಿರಲಿಲ್ಲ. ಚಾಪೆ ಇತ್ತು, ಡಬ್ಬಿ ಟಿ.ವಿ. ಇತ್ತು. ಕೊಡಲು ನನ್ನ ಕೈಯಲ್ಲಿ ಏನೂ ಇಲ್ಲದ್ದಕ್ಕೆ ಅವಳ ಕೈಯನ್ನೇ ಹಿಡಿದುಕೊಂಡೆ.

"ಅಕ್ಕಾ, ಮೆರವಣಿಗಿ ದಾಟವಲ್ದು."

"ಗೆದ್ದಾಗಿಂದು ಬಾರಸ್ಲಿಕ್ ಹೇಳೋ ಹುಚ್ಚಾ!"

"ಗೆದ್ದಾಗ ಬ್ಯಾರೆ ಬರ್ತದೇನು?"

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. ಸುತ್ತಲಿದ್ದವರೂ ನೋಡಿದರು. ಕಾಕಾ ಕುಣಿಯುವುದನ್ನು ನಿಲ್ಲಿಸಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ನೋಡಿದರು.

"ಕೋಟಿ ಬಾಗಲ ತನಕ ನೀ ಒಮ್ಮಿನೂ ಹೋಗಿಲ್ಲೇನು?"

"ಅಲ್ಲಿ ಕೋಟಿ ಅದ?"

ಅಕ್ಕ ಖಾಜಾ ಮಾಸ್ತರರ ಹತ್ತಿರ ಹೋಗಿ, ನಡುರಸ್ತೆಯಲ್ಲಿ, ಬೀಗರ ಎದುರಿಗೆ, ಮದುಮಗಳ ತಾಯಿ ಎಂಬುದನ್ನೂ ಮರೆತು ಒಂದು ಏರುವ ರಾಗವನ್ನು ಬಾಯಲ್ಲಿ ಗುನುಗಿ ತೋರಿಸಿದಳು. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದರು. "ವಾಹ್, ಅಕ್ಕಾಜಿ! ಇದರಿ ಹಾಡಂದ್ರ!"

ಬ್ಯಾಂಡು ಅದನ್ನು ಹಂಗಿಂದ ಹಂಗೇ ಬಾರಿಸಿತು. ಕುದುರೆ ಎರಡನೆಯ ಹೊಂಡ ದಾಟಿತು. "ಗೆದ್ದೆವಲೇ!" ಎಂದು ಕಾಕಾ ಕಣ್ಣೀರು ಸುರಿಸುತ್ತ ಹೆಡ್ ಮಾಸ್ತರರನ್ನು ತಬ್ಬಿಕೊಂಡರು. ಬೀಗರು ಮೊದಲು ಕೊಸರಿಕೊಂಡರು. ಆಮೇಲೆ ಅವರ ಮೀಸೆಯ ಅಡಿಯಲ್ಲಿ ನಗು ಬಂದದ್ದನ್ನು ನಾನು ನೋಡಿದೆ. ಮದುವೆ ತಡವಾಯಿತು, ಆದರೆ ಆಯಿತು. ಭಂತೇಜಿ ತ್ರಿಶರಣ, ಪಂಚಶೀಲ ಹೇಳಿಸಿ, ಸಹನೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಿದರು. ಹೇಳುವಾಗ ನನ್ನ ಕಡೆ ನೋಡಿದಂತೆ ನನಗನ್ನಿಸಿತು. ಊಟದ ಪಂಕ್ತಿಯಲ್ಲಿ ಹೆಡ್ ಮಾಸ್ತರರು ಅಕ್ಕನಿಗೆ, "ನಿಮ್ಮಂಥ ಬೀಗತಿ ಸಿಕ್ಕಿದ್ದು ನಮ್ಮ ನಸೀಬು," ಎಂದರು. ನನ್ನ ಎಲೆಗೆ ಬಡಿಸುವವರಿಗೆ ಮಾತ್ರ, "ಇವ್ರಿಗಿ ಜರಾ ನೋಡಿ ಬಡಸ್ರಿ, ಹಿಂದಕ್ಕ ಕಳಸ್ತಾರ," ಎಂದರು.

ಮದುವೆಯ ಗದ್ದಲ ಮುಗಿದ ಮೇಲೆ ಅಕ್ಕ ಒಂದು ಭಾನುವಾರ ಚಿದ್ರಿಗೆ ಬಂದಳು. ಶಾಂತಾಬಾಯಿಯವರ ಟಿ.ವಿ. ಇನ್ನೂ ನಮ್ಮ ಮನೆಯಲ್ಲೇ ಇತ್ತು. ಹಿಟ್ಟಿನ ಡಬ್ಬಿಗೆ ಕುರ್ಚಿ ಒಗ್ಗಿಬಿಟ್ಟಿತ್ತು. ಅಕ್ಕ ಕ್ಯಾಸೆಟ್ ತೆಗೆದು ತಾನೇ ಊದಿದಳು.

"ಮೊದಲು ನೀ ಆಡು," ಎಂದಳು.

ನಾನು ಹಲ್ಲು ಕಚ್ಚಿ ಆಡಿದೆ. ಇವತ್ತು ದಾಟಿಯೇ ತೀರಬೇಕೆಂದು ಹಟ ತೊಟ್ಟಿದ್ದೆ. ಮೊದಲ ಹೊಂಡ ಹಾರಿದೆ. ಎರಡನೆಯದು ಬಂತು. ನಾನು ಸೋಫಾದ ಮೇಲಿಂದ ಒಂದು ಗೇಣು ಮೇಲಕ್ಕೆ ಹಾರಿದೆ. ಟೊಪ್ಪಿಗೆಯವನು ಹಾರಲಿಲ್ಲ.

ಟುಂಯ್.

ಅಕ್ಕ ಕೈ ಚಾಚಿದಳು. ಕೊಟ್ಟೆ. ಅವಳು ಹೊಂಡವನ್ನು ಹೊಸ್ತಿಲು ದಾಟುವಷ್ಟು ಸುಲಭವಾಗಿ ದಾಟಿ, ಕೋಟೆಯನ್ನೂ ಮುಟ್ಟಿ, ನಾನು ಈ ಜನ್ಮದಲ್ಲಿ ಕೇಳದ ಹೊಸದೊಂದು ಸಂಗೀತದೊಳಗೆ ಹೋದಳು. ಅದು ಬೇರೆಯೇ ಇತ್ತು. ತಗ್ಗಿನ ದನಿಯಲ್ಲಿ, ನಿಂತು ನಿಂತು ಬರುತ್ತಿತ್ತು. ಚೆನ್ನಾಗಿತ್ತು. ನಾನು ಹೊಗಳಿದ್ದಕ್ಕಿಂತ ಚೆನ್ನಾಗಿತ್ತು! ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹಳೆಯ ಅಭ್ಯಾಸದಂತೆ ಎದ್ದು ನಿಂತೆ.

"ಎಲ್ಲಿಗೋ?" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

"ನೀರು ಕುಡಿದು ಬರ್ತೇನಿ."

"ಇಲ್ಲೇ ಅದರಿ," ಎಂದಳು ಮಂಗಲಾ. ನಾನು ಆಡಲು ಕೂತಾಗಲೇ ಅವಳು ತುಂಬಿದ ತಂಬಿಗೆ ತಂದು ನನ್ನ ಕಾಲ ಹತ್ತಿರ ಇಟ್ಟಿದ್ದಳು.